ರೇಸ್ ವಿಮಾನದ ತಗಡಿನ ಟ್ಯಾಂಕ್: ಅರ್ಧಕ್ಕೇ ಎಂಜಿನ್ ಯಾಕ ನಿಲ್ತೈತಿ, ಮನ್ಯಾಗ ಟ್ಯಾಂಕ್ ಹೆಂಗ ಕಟ್ಟೋದು

ಪ್ರಶ್ನೆ: ಸರ್, ನಾನು ಗಂಗಾವತಿ ಹುಡುಗ, ಡಿಪ್ಲೊಮಾ ಓದಾಕತ್ತೀನಿ. ಎನ್‌ಸಿಸಿ ಏರ್ ವಿಂಗಿನಾಗ ಇದ್ದ ಅಣ್ಣಾರೊಬ್ಬರ ಹತ್ರ ಕಂಟ್ರೋಲ್ ಲೈನ್ (ತಂತಿ ಹಿಡಿದು ನಮ್ಮ ಸುತ್ತ ತಿರುಗಿಸೋ ಮಾದರಿ ವಿಮಾನ) ಹಾರಿಸೋದು ಕಲ್ತೆ. ಈಗ 2.5 ಸಿಸಿ ಡೀಸೆಲ್ ಎಂಜಿನ್ ಹಾಕಿ ಟೀಮ್ ರೇಸ್ ನಮೂನಿ ವಿಮಾನ ಮಾಡೀನಿ, 10 ಸುತ್ತಿಗೆ 30 ಸೆಕೆಂಡ್ ಹಿಡಿತೈತಿ. ನೆಲದ ಮ್ಯಾಲೆ ಎಂಜಿನ್ ಚೊಲೋ ಓಡ್ತೈತಿ, ಹಾರಿದ ಮ್ಯಾಲೆ 15-16 ಸುತ್ತಿಗೆ ಸೌಂಡ್ ಕಿರ್ರ್ ಅಂತ ಏರಿ ನಿಂತುಬಿಡ್ತೈತಿ. ಇಳಿಸಿ ನೋಡಿದ್ರ ಟ್ಯಾಂಕ್ ಇನ್ನೂ ಅರ್ಧ ತುಂಬೈತಿ. ಈಗಿರೋದು ಪ್ಲಾಸ್ಟಿಕ್ ಬಾಟ್ಲಿ ಟ್ಯಾಂಕ್, ಸಿಲಿಕಾನ್ ಪೈಪ್. ಕೂಲ್ ಡ್ರಿಂಕ್ ಡಬ್ಬಿ ಕತ್ತರಿಸಿ ತಗಡಿನ ಟ್ಯಾಂಕ್ ಮಾಡಾಕ ಹೋದೆ, ಬೆಸಿಗಿ ಹಿಡೀಲೇ ಇಲ್ಲ. ರೇಸಿಗೆ 7 ಸಿಸಿ ಟ್ಯಾಂಕ್ ನಾನಾಗೇ ಹೆಂಗ ಮಾಡ್ಲಿ?

ಉತ್ತರ: ತಮ್ಮಾ, ಮೊದ್ಲು ಒಂದು ಮಾತು, ನಿನ್ನ ಎಂಜಿನ್ನಿಗೆ ಏನೂ ಆಗಿಲ್ಲ, ಅದನ್ನ ಬಿಚ್ಚಾಕ ಹೋಗಬ್ಯಾಡ. ನೆಲದ ಮ್ಯಾಲೆ ಚೊಲೋ ಓಡಿ ಗಾಳ್ಯಾಗ ಅರ್ಧ ಟ್ಯಾಂಕಿಗೆ ಕಿರಚಿ ನಿಂತ್ರ ನೂರಕ್ಕ ತೊಂಬತ್ತು ಸಲ ತಪ್ಪು ಟ್ಯಾಂಕಿಂದ ಇರ್ತೈತಿ. ಟ್ಯಾಂಕ್ ಅಂದ್ರ ಎಣ್ಣಿ ತುಂಬಿಡೋ ಡಬ್ಬಿ ಅಂತ ಎಲ್ಲಾರೂ ತಿಳ್ಕೊಂಡಿರ್ತಾರ. ಕಂಟ್ರೋಲ್ ಲೈನಿನಾಗ ಅದು ಕಾರ್ಬ್ಯುರೇಟರಿನ ಅರ್ಧ ಭಾಗ. ಇದೊಂದು ತಲಿಗೆ ಹೋತಂದ್ರ ಮುಂದಿನದೆಲ್ಲಾ ಸಲೀಸು.

ಜ್ವಾಳದ ಹೊಲದಾಗ ಹಕ್ಕಿ ಹೊಡ್ಯಾಕ ಕವಣಿ ತಿರುಗಿಸ್ತಾರಲ್ಲ, ಕಲ್ಲು ಹೊರಗ ಜಗ್ಗತಿರ್ತೈತಿ, ನಿನ್ನ ವಿಮಾನದಾಗಿನ ಎಣ್ಣಿನೂ ಹಂಗ. ವಿಮಾನ ಎಡಕ್ಕ ಸುತ್ತತೈತಿ, ಎಡ ರೆಕ್ಕಿ ನಿನ್ನ ಕಡಿ, ಬಲ ರೆಕ್ಕಿ ಹೊರಗ, ಹಂಗಾಗಿ ಎಣ್ಣಿಗೆ "ಕೆಳಗ" ಅನ್ನೋದು ಬಲ ರೆಕ್ಕಿ ಕಡಿ ಆಗ್ತೈತಿ. ಎಷ್ಟು ಜೋರು ಅಂತ ಲೆಕ್ಕ ಹಾಕೋಣ. ಟೀಮ್ ರೇಸಿನಾಗ, ಅಂದ್ರ ಎಫ್2ಸಿ ಕ್ಲಾಸಿನಾಗ, ಲೈನ್ 15.92 ಮೀಟರ್, ಅದಕ್ಕ ಒಂದು ಸುತ್ತು ಬರೋಬ್ಬರಿ 100 ಮೀಟರ್. ನೀನು 10 ಸುತ್ತಿಗೆ 30 ಸೆಕೆಂಡ್ ಅಂದಿ, ಅದು ಗಂಟೆಗೆ 120 ಕಿಲೋಮೀಟರ್. ಆ ಸ್ಪೀಡಿಗೆ ಎಣ್ಣಿ ತನ್ನ ತೂಕದ 7 ಪಟ್ಟು ಜೋರಲ್ಲಿ ಹೊರಗ ಜಗ್ಗತೈತಿ. ದೊಡ್ಡ ರೇಸ್ ಟೀಮ್‌ಗಳು 10 ಸುತ್ತನ್ನ 18 ಸೆಕೆಂಡಿಗೆ ಮುಗಿಸ್ತಾರ, ಗಂಟೆಗೆ 200 ಕಿಲೋಮೀಟರ್, ಅಲ್ಲಿ ಹತ್ತತ್ರ 20 ಪಟ್ಟು.

ಈಗ ನಿನ್ನ ಬಾಟ್ಲಿ ನೋಡು. ಅಗಲ 30 ಮಿಲಿಮೀಟರ್ ಐತಿ ಅಂತ ಇಟ್ಕೋ. ತುಂಬಿದಾಗ ಎಣ್ಣಿ ಮಟ್ಟ ಎಂಜಿನ್ನಿನ ಜೆಟ್ (ಎಣ್ಣಿ ಒಳಗ ಬರೋ ಸಣ್ಣ ತೂತು) ಹತ್ರ ಇರ್ತೈತಿ, ಖಾಲಿ ಆಗ್ತಾ ಆಗ್ತಾ ಮಟ್ಟ 30 ಮಿಲಿಮೀಟರ್ ಹೊರಗ ಸರೀತೈತಿ, ಅದಕ್ಕ 7 ಪಟ್ಟು ಹಾಕಿದ್ರ 210 ಮಿಲಿಮೀಟರ್, ಅಂದ್ರ ಹತ್ತತ್ರ ಒಂದು ಗೇಣು. ನಂಬಿಕಿ ಬರಲಿಲ್ಲಂದ್ರ ಎಂಜಿನ್ ಬೆಂಚಿಗೆ ಬೋಲ್ಟ್ ಮಾಡಿ ಓಡಿಸು, ಓಡ್ತಿರೋವಾಗ ಟ್ಯಾಂಕನ್ನ ಕೈಯಾಗ ಹಿಡಿದು ಮೆಲ್ಲಕ ಒಂದು ಗೇಣು ಕೆಳಗ ಇಳಿಸು, ಪ್ರೊಪೆಲ್ಲರಿಗೆ ಕೈ ಹೋಗದಂಗ ಹಿಂದಿನಿಂದ ಹಿಡಿ. ಅದೇ ಕಿರಚಾಟ, ಅದೇ ನಿಲ್ಲೋದು ನಿನ್ನ ಕಣ್ಣ ಮುಂದ ಆಗ್ತೈತಿ. ಎಂಜಿನ್ ಪಾಪ ಅಷ್ಟು ಆಳದಿಂದ ಎಣ್ಣಿ ಹೀರಲಾರದ ಲೀನ್ ಆಗಿ, ಅಂದ್ರ ಎಣ್ಣಿ ಕಮ್ಮಿ ಗಾಳಿ ಜಾಸ್ತಿ ಆಗಿ, ಸಾಯ್ತೈತಿ.

ಇನ್ನೊಂದು ತಪ್ಪು ಆ ಸಿಲಿಕಾನ್ ಪೈಪಿಂದು. ಗ್ಲೋ ಎಂಜಿನ್ನಿನ ಮೆಥನಾಲ್ ಫ್ಯೂಯಲಿಗೆ ಅದು ಸರಿ, ಡೀಸೆಲ್ ಫ್ಯೂಯಲ್‌ನಾಗ ಈಥರ್ ಮತ್ತ ಸೀಮಿಎಣ್ಣಿ ಇರ್ತಾವಲ್ಲ, ಅವೆರಡೂ ಸಿಲಿಕಾನನ್ನ ಉಬ್ಬಿಸ್ತಾವ, ಪೈಪ್ ಮೆತ್ತಗಾಗಿ ತುದಿ ಸಡಿಲಾಗಿ ಅಲ್ಲಿಂದ ಗಾಳಿ ಹೀರ್ತೈತಿ. ನಿಯೋಪ್ರೀನ್ ಪೈಪ್ ಇಲ್ಲಾ ಪಾಲಿಯುರೆಥೇನ್ ಪೈಪ್ ಹಾಕು. ಇದನ್ನ ಇವತ್ತೇ ಬದಲಿಸು, ಟ್ಯಾಂಕ್ ಆಮ್ಯಾಲೆ.

ಮಟ್ಟ ಸರಿಯೋದಕ್ಕ ಮದ್ದು ಏನು? ಮೊದಲನೇದು ಟ್ಯಾಂಕನ್ನ ಒಳಗ-ಹೊರಗ ದಿಕ್ಕಿನಾಗ ಸಣ್ಣದು ಮಾಡೋದು, ಉದ್ದ ಮಾಡು, ಎತ್ತರ ಮಾಡು, ಆದ್ರ ಅಗಲ 10 ಮಿಲಿಮೀಟರ್ ದಾಟಬಾರದು. ಎರಡನೇದು, ಇದೇ ಮುಖ್ಯ, ಯುನಿಫ್ಲೋ. ಗಾಳಿ ಬರೋ ಪೈಪನ್ನ ಟ್ಯಾಂಕಿನ ಮೂಲ್ಯಾಗ ಎಲ್ಲೋ ಬಿಡೋ ಬದ್ಲಿ ಎಣ್ಣಿ ಹೀರೋ ಪೈಪಿನ ಬಾಯಿ ಹತ್ರಾನೇ ತಂದು ಬಿಡೋದು. ಆಗ ಹೊರಗಿನ ಗಾಳಿ ಒತ್ತಡ ಆ ಬಾಯಿ ಇರೋ ಜಾಗಕ್ಕ ಬಂದು ಮುಟ್ಟತೈತಿ, ಮ್ಯಾಲೆ ಎಣ್ಣಿ ಎಷ್ಟಿದ್ರೂ ಎಂಜಿನ್ನಿಗೆ ಲೆಕ್ಕ ಇಲ್ಲ, ತುಂಬಿದಾಗಿನಿಂದ ಕೊನೀವರೆಗೂ ಒಂದೇ ಮಟ್ಟ ಅಂತ ಅದು ತಿಳ್ಕೋತೈತಿ. ಕೋಳಿ ಫಾರ್ಮಿನಾಗ ಡಬ್ಬಿ ಬೋರಲು ಹಾಕಿ ತಟ್ಟಿಯಾಗ ನೀರು ಇಡ್ತಾರಲ್ಲ, ಕೋಳಿ ಕುಡಿದಂಗ ಒಂದು ಗುಳ್ಳಿ ಗಾಳಿ ಒಳಗ, ಒಂದು ಗುಟುಕು ನೀರು ಹೊರಗ, ತಟ್ಟಿ ಮಟ್ಟ ಮಾತ್ರ ಹಂಗ ಇರ್ತೈತಿ, ಅದೇ ತತ್ವ. ಅಮೆರಿಕಾದ ರ‍್ಯಾಟ್ ರೇಸಿನಂಥ ದೊಡ್ಡ ಎಂಜಿನ್ ಕ್ಲಾಸುಗಳಾಗ ಟ್ಯಾಂಕಿಗೆ ಒಂದು ಸಣ್ಣ ಕೋಣಿ ಬ್ಯಾರೆ ಜೋಡಿಸಿ ನೇರವಾಗಿ ಇದನ್ನ ಮಾಡ್ತಾರ, ಅದಕ್ಕ ಅವರು ಚಿಕನ್ ಹಾಪರ್ ಅಂತಾನೇ ಕರೀತಾರ. ನಿನ್ನ 7 ಸಿಸಿ ಟ್ಯಾಂಕಿನಾಗ ಅಷ್ಟು ಜಾಗ ಇಲ್ಲ, ಯುನಿಫ್ಲೋನೇ ಸಾಕು.

ಈಗ ತಗಡು. ಕೂಲ್ ಡ್ರಿಂಕ್ ಡಬ್ಬಿ ಅಲ್ಯೂಮಿನಿಯಂ, ಅದಕ್ಕ ನಮ್ಮ ಸಾದಾ ಬೆಸಿಗಿ ಯಾವತ್ತೂ ಹಿಡಿಯಂಗಿಲ್ಲ, ನಿನ್ನ ಕೈ ತಪ್ಪಲ್ಲ ಅದು. ನಿನಗ ಬೇಕಾಗಿದ್ದು ತವರ ಬಳಿದ ಕಬ್ಬಿಣದ ತಗಡು, 0.25 ರಿಂದ 0.3 ಮಿಲಿಮೀಟರ್ ದಪ್ಪ. ಹೋಟೆಲಿನವರು ಬಿಸಾಕೋ 15 ಕೆಜಿ ಎಣ್ಣಿ ಡಬ್ಬಿ ಒಂದು ತಂದ್ರ ಇಪ್ಪತ್ತು ಟ್ಯಾಂಕ್ ಆಗ್ತಾವ. ಮ್ಯಾಗ್ನೆಟ್ ಹಿಡಿದು ನೋಡು, ಅಂಟಬೇಕು, ಆದ್ರ ಅಂಟಿದ್ರ ಅಷ್ಟೇ ಸಾಲದು, ಈಗ ಕೆಲವು ಡಬ್ಬಿಗೆ ತವರದ ಬದ್ಲಿ ಕ್ರೋಮ್ ಹಚ್ಚಿರ್ತಾರ, ಅದಕ್ಕ ಬೆಸಿಗಿ ಜಾರಿ ಹೋಗ್ತೈತಿ. ಮೂಲಿ ಒಂದು ಕತ್ತರಿಸಿ, ಬಣ್ಣ ಕೆರೆದು, ಒಂದು ಹನಿ ಬೆಸಿಗಿ ಬಿಟ್ಟು ನೋಡು. ಹನಿ ಎಲೀ ಮ್ಯಾಲಿನ ನೀರಿನಂಗ ಉಂಡಿ ಕಟ್ಟಿ ನಿಂತ್ರ ಆ ಡಬ್ಬಿ ಬಿಡು, ಎಣ್ಣಿ ಹರಡಿದಂಗ ತೆಳ್ಳಗ ಹರಡಿದ್ರ ತಗೋ. ಹಿತ್ತಾಳಿ ಹಾಳಿ ಸಿಕ್ರ 0.2 ಮಿಲಿಮೀಟರಿಂದು ಇನ್ನೂ ಚೊಲೋ, ತುಕ್ಕು ಹಿಡಿಯಂಗಿಲ್ಲ.

ಪೈಪಿಗೆ 3 ಮಿಲಿಮೀಟರಿನ ತಾಮ್ರ ಇಲ್ಲಾ ಹಿತ್ತಾಳಿ. ಫ್ರಿಜ್ ರಿಪೇರಿಯವರು ಕ್ಯಾಪಿಲರಿ ಪೈಪ್ ಕೊಡ್ತಾರ, ಅದು ಬ್ಯಾಡ, ಅದರ ತೂತು ಒಂದು ಮಿಲಿಮೀಟರೂ ಇರಂಗಿಲ್ಲ. ನಾನು ಇವತ್ತಿಗೂ ಹಳೇ ಟ್ರಾನ್ಸಿಸ್ಟರ್ ರೇಡಿಯೋದ ಏರಿಯಲ್ ಬಳಸ್ತೀನಿ, ಒಂದರಾಗ ಒಂದು ಸೇರಿದ ಹಿತ್ತಾಳಿ ಪೈಪುಗಳು ಅವು, ಗುಜರಿ ಅಂಗಡ್ಯಾಗ ಸಿಗ್ತಾವ, ನಿನಗ ಬೇಕಾದ ಸೈಜಿಂದು ಎಳ್ಕೋ. ಮ್ಯಾಲಿನ ಕ್ರೋಮ್ ಹೊಳಪನ್ನ ಸ್ಯಾಂಡ್ ಪೇಪರಿಂದ ಹಳದಿ ಬಣ್ಣ ಕಾಣೋ ತನಕ ತಿಕ್ಕಬೇಕು, ಇಲ್ಲಂದ್ರ ಬೆಸಿಗಿ ಕೂಡಂಗಿಲ್ಲ. ಬಗ್ಗಿಸೋದಿದ್ರ ಕೆಂಪಗ ಕಾಸಿ ಆರಿಸಿ ಮೆತ್ತಗ ಮಾಡ್ಕೊಂಡು, ಒಳಗ ಸಣ್ಣ ಉಸುಕು ತುಂಬಿ, ಮೆಲ್ಲಕ ಬಗ್ಗಿಸು, ಒತ್ತಾಗಿ ಬಗ್ಗಿಸಿದ್ರ ಬಾಗಿನ ಹೊರಮೈಯಾಗ ಕೂದಲಷ್ಟು ಬಿರುಕು ಬಿಡ್ತೈತಿ, ಕಣ್ಣಿಗೂ ಕಾಣಂಗಿಲ್ಲ. ಈ ಬಿರುಕಿನ ಕಥಿ ಮುಂದ ಹೇಳ್ತೀನಿ.

ಅಳತಿ ಹೇಳ್ತೀನಿ ಬರ್ಕೋ. ಒಳ ಅಳತಿ ಉದ್ದ 40, ಎತ್ತರ 18, ಅಗಲ 10 ಮಿಲಿಮೀಟರ್. ಗುಣಿಸಿದ್ರ 7.2 ಸಿಸಿ, ಒಳಗಿನ ಪೈಪುಗಳ ಗ್ವಾಡಿ ಹತ್ತತ್ರ 0.2 ತಿಂತಾವ, ಉಳಿಯೋದು 7. ಸಾಗವಾನಿ ಕಟಿಗಿ ತುಂಡೊಂದನ್ನ 18 ಬೈ 10ಕ್ಕ ನುಣ್ಣಗ ಮಾಡ್ಕೋ, ಉದ್ದ ಒಂದು 60 ಇರಲಿ ಹಿಡ್ಯಾಕ. ಮೈಯಿಗೆ 40 ಬೈ 60ರ ತಗಡು, ಸುತ್ತಳತಿ 56 ಆಗ್ತೈತಿ, ಇನ್ನುಳಿದ 4 ಮಿಲಿಮೀಟರ್ ಒಂದರ ಮ್ಯಾಲೊಂದು ಕೂಡಾಕ. ಮುಚ್ಚಳ ಎರಡು, 24 ಬೈ 16, ನಾಲ್ಕೂ ಮೂಲಿ 3 ಮಿಲಿಮೀಟರ್ ಕತ್ತರಿಸಿ ಅಂಚು ಬಗ್ಗಿಸಿದ್ರ ಸಣ್ಣ ಬೆಂಕಿಪೊಟ್ಟಣದಂಗ ಆಗ್ತೈತಿ. ಮೊದ್ಲು ಲಗ್ನಪತ್ರಿಕಿ ರಟ್ಟಿನಾಗ ಒಂದು ಮಾಡಿ ವಿಮಾನದಾಗ ಇಟ್ಟು ನೋಡು, ಕೂಡ್ಲಿಲ್ಲಂದ್ರ ಅಳತಿ ಅಲ್ಲೇ ಬದಲಿಸ್ಬಹುದು. ತಗಡು ಹಾಳು ಮಾಡೋದಕ್ಕಿಂತ ರಟ್ಟು ಹಾಳು ಮಾಡೋದು ಲೇಸು.

ಪೈಪ್ ಮೂರು. ಎಣ್ಣಿ ಹೀರೋದು ಮುಂದಿನ ಮುಚ್ಚಳದಿಂದ ಒಳಗ ಹೋಗಿ ಹೊರಗಿನ ಗ್ವಾಡಿ, ಅಂದ್ರ ಬಲ ರೆಕ್ಕಿ ಕಡಿ ಗ್ವಾಡಿ, ಅದರ ಗುಂಟ ನಡು ಎತ್ತರದಾಗ ಹಿಂದಿನ ಮೂಲೀವರೆಗೂ ಹೋಗಬೇಕು. ಹಿಂದಿನ ಮೂಲಿ ಯಾಕಂದ್ರ ವಿಮಾನ ಮುಂದ ನುಗ್ಗಿದಾಗ, ಮೂಗು ಎತ್ತಿದಾಗ ಎಣ್ಣಿ ಹಿಂದಕ್ಕ ಸರೀತೈತಿ. ತುದೀನ ಓರೆಯಾಗಿ ಕತ್ತರಿಸಿ ಹಿಂದಿನ ಮುಚ್ಚಳಕ್ಕ ಒಂದೂವರಿ ಮಿಲಿಮೀಟರ್ ಬಿಡು, ನೇರ ಕತ್ತರಿಸಿದ್ರ ತಗಡಿಗೆ ಅಂಟ್ಕೊಂಡು ಬಾಯಿ ಮುಚ್ಚಿಹೋಗ್ತೈತಿ. ಎರಡನೇದು ಯುನಿಫ್ಲೋ, ಅದೂ ಮುಂದಿನಿಂದಾನೇ, ಮೊದಲನೇ ಪೈಪಿನ ಬಗಲಾಗ, ಅದರ ಬಾಯಿಗಿಂತ 5-6 ಮಿಲಿಮೀಟರ್ ಮೂಗಿನ ಕಡಿಗೇ ನಿಲ್ಲಬೇಕು. ಇನ್ನೂ ಹತ್ರ ತಂದ್ರ ಗುಳ್ಳಿ ನೇರ ಎಂಜಿನ್ನಿಗೆ ಹೋಗ್ತೈತಿ. ಮೂರನೇದು ಓವರ್‌ಫ್ಲೋ, ಇದು ಮ್ಯಾಲಿನ ಮುಂದಿನ ಒಳ ಮೂಲ್ಯಾಗ. ಪಿಟ್ಟಿನಾಗ (ರೇಸ್ ನಡುವೆ ಇಳಿಸಿ ಎಣ್ಣಿ ತುಂಬೋ ಜಾಗದಾಗ) ವಿಮಾನ ಬಾಲ ಕೆಳಗ ಮೂಗು ಮ್ಯಾಲೆ ಮಾಡಿ ನಿಂತಿರ್ತೈತಿ, ಒಳಗಿನ ಗಾಳಿ ಎಲ್ಲಾ ಆ ಮೂಲ್ಯಾಗ ಕೂಡ್ತೈತಿ, ಅಲ್ಲಿಂದ ಹೊರಗ ಬಿಟ್ರ ಅಷ್ಟ ಟ್ಯಾಂಕ್ ಪೂರ್ತಿ ತುಂಬ್ತೈತಿ. ತುಂಬೋದು ಯುನಿಫ್ಲೋ ಪೈಪಿಂದ, ಓವರ್‌ಫ್ಲೋದಾಗ ಚೆಲ್ಲಿದ ಕೂಡಲೆ ಅದಕ್ಕ ಟೊಪ್ಪಿಗಿ ಹಾಕಬೇಕು. ಟೊಪ್ಪಿಗಿ ಮರ್ತ್ರ ಯುನಿಫ್ಲೋ ಕೆಲಸಾನೇ ಮಾಡಂಗಿಲ್ಲ, ಮತ್ತ ಹಳೇ ಕಥಿ. ರೇಸಿನಾಗ ಟೊಪ್ಪಿಗಿ ಹಾಕ್ಕೋತ ಕೂಡಾಕ ಟೈಮ್ ಎಲ್ಲಿಂದ, ಅದಕ್ಕ ಸಣ್ಣ ಸ್ಪ್ರಿಂಗ್ ತಗಡಿಗೆ ರಬ್ಬರ್ ಅಂಟಿಸಿ ತಾನಾಗೇ ಮುಚ್ಚೋ ಹಂಗ ಮಾಡ್ತಾರ, ಮತ್ತ ಯುನಿಫ್ಲೋನ 4 ಮಿಲಿಮೀಟರಿಂದು ಹಾಕ್ತಾರ, ತುಂಬೋದು ಲಗೂನ ಆಗ್ತೈತಿ. ಅದನ್ನ ಎರಡನೇ ಟ್ಯಾಂಕಿಗೆ ಇಟ್ಕೋ, ಮೊದಲನೇದು ಸಾದಾ ಇರಲಿ.

ಬೆಸಿಗಿಗೆ 60/40 (ತವರ 60, ಸೀಸ 40) ಕಡ್ಡಿ, ಕಾವು (ಸೋಲ್ಡರಿಂಗ್ ಐರನ್) ಕನಿಷ್ಠ 60 ವ್ಯಾಟಿಂದು ಬೇಕು, ಮೊಬೈಲ್ ರಿಪೇರಿಯ 25 ವ್ಯಾಟಿಂದು ತಗಡಿನ ಮ್ಯಾಲೆ ಇಟ್ಟ ಕೂಡಲೆ ತಣ್ಣಗಾಗ್ತೈತಿ. ಫ್ಲಕ್ಸ್ (ಬೆಸಿಗಿ ಹಿಡಿಯಂಗ ಮೊದ್ಲು ಹಚ್ಚೋದು) ರೆಡಿ ಸಿಗೋದ ತಗೋ. ಆಸಿಡ್ಡಿಗೆ ಜಿಂಕ್ ಹಾಕಿ ಮನ್ಯಾಗ ಮಾಡೋದು ಹಳಬರ ರೂಢಿ, ಅದರಾಗ ಏಳೋ ಹೈಡ್ರೋಜನ್ ಬೆಂಕಿ ಹಿಡಿತೈತಿ, ಹೊಗಿ ಎದಿಗೆ ಕೆಟ್ಟದ್ದು, ನಿನಗ್ಯಾಕ ಅದು. ಬೆಸಿಗಿ ಹಾಕೋವಾಗ ಕಿಡಕಿ ಬಾಗ್ಲಾ ತೆಗೆದಿಡು, ಮುಗಿದ ಮ್ಯಾಲೆ ಕೈ ತೊಳಕೊಂಡೇ ಊಟ ಮಾಡು, ಆ ಬೆಸಿಗಿಯಾಗ ಸೀಸ ಐತಿ. ಕೂಡಿಸೋ ಎರಡೂ ಅಂಚಿಗೆ ಮೊದ್ಲೇ ತೆಳ್ಳಗ ಬೆಸಿಗಿ ಬಳಿದು ಇಡು, ಆಮ್ಯಾಲೆ ಒಂದರ ಮ್ಯಾಲೊಂದು ಇಟ್ಟು ಕಾವಿನ ಅಗಲ ಮುಖ ಒತ್ತಿ ನಿಧಾನಕ ಎಳಿ. ಅಂಚಿನ ಗುಂಟ ಬೆಸಿಗಿ ಕನ್ನಡಿಯಂಗ ಹೊಳೆದು, ಕಾವು ಮುಂದ ಹೋದಂಗ ಹಿಂದ ಮಂಕಾಗ್ತಾ ಬರ್ತೈತಿ, ಆ ಹೊಳಪಿನ ಗೆರಿ ಎಲ್ಲೂ ತುಂಡಾಗಬಾರದು. ತುಂಡಾದ ಜಾಗ ತೂತು ಅಂತ ತಿಳ್ಕೋ. ಮುಚ್ಚಳ ಹಾಕೋವಾಗ ಮೊದ್ಲು ಕೂಡಿಸಿದ ಪೈಪಿನ ಬೆಸಿಗಿ ಕರಗಿ ಬಿಡ್ತೈತಿ, ಅದಕ್ಕ ಪೈಪಿನ ಬುಡಕ್ಕ ಒದ್ದಿ ಅರಿವಿ ಸುತ್ತು. ಪೈಪ್ ಒಳಗ ಓಡಾಡೋ ಕಡಿ ಗ್ವಾಡಿಗೆ ಒಂದು ಹನಿ ಬೆಸಿಗಿ ಹಾಕಿ ಕೂಡ್ಸು, ಬರೇ ಮುಚ್ಚಳದ ಮ್ಯಾಲೆ ತೂಗಾಡಿದ್ರ ಎಂಜಿನ್ನಿನ ನಡುಕಕ್ಕ ಬುಡದಾಗ ಮುರೀತೈತಿ.

ಈಗ ನಾ ಹೇಳ್ತೀನಂದ ಕಥಿ. ಭಾಳ ವರ್ಷದ ಹಿಂದ ಪರ ಊರಾಗ ರೇಸಿಗೆ ಹೋಗಿದ್ದೆ, ಹೊಸಾ ಟ್ಯಾಂಕ್, ಹೊರಗಿಂದ ನೋಡಾಕ ಬೆಳ್ಳಿ ಡಬ್ಬಿಯಂಗ ಮಾಡಿದ್ದೆ. ಪ್ರತೀ ಸಲ 20 ಸುತ್ತಿನವರೆಗೆ ಚೊಲೋ, ಆಮ್ಯಾಲೆ ಲೀನ್ ಆಗಿ ನಿಲ್ಲೋದು. ಎಣ್ಣಿ ಹೆಚ್ಚುಕಮ್ಮಿ ಮಾಡೋ ನೀಡಲ್ ಬದಲಿಸ್ದೆ, ಜೊತೆಗಾರನ ಎಂಜಿನ್ ಹಾಕಿ ನೋಡ್ದೆ, ಫ್ಯೂಯಲ್ ಚೆಲ್ಲಿ ಹೊಸಾದು ಕಲಸ್ದೆ, ಏನೂ ಆಗಲಿಲ್ಲ, ಆಡದೇ ಊರಿಗೆ ಬಂದೆ. ಬಳ್ಳಾರಿ ಕೌಲ್ ಬಜಾರಿನಾಗ ಕಂದೀಲು, ಸ್ಟವ್ ರಿಪೇರಿ ಮಾಡೋ ಚಾಚಾ ಒಬ್ಬರಿದ್ರು, ಅವರ ಮುಂದ ಟ್ಯಾಂಕ್ ಇಟ್ಟೆ. ನೀರಾಗ ಮುಳುಗಿಸಿ ಊದಿದ್ರು, ಒಂದು ಗುಳ್ಳೀನೂ ಬರಲಿಲ್ಲ. "ಹೊರಗ ಸರಿ ಐತಿ ಬೇಟಾ, ಒಳಗ ನೋಡಬೇಕು" ಅಂತ ಹಿಂದಿನ ಮುಚ್ಚಳ ಕಾಸಿ ಬಿಚ್ಚಿ, ಹೀರೋ ಪೈಪಿನ ತುದಿ ಬೆರಳಿಂದ ಮುಚ್ಚಿ ನೀರಾಗ ಹಿಡಿದು ಊದಿದ್ರು. ಬಾಗಿನ ಹತ್ರ ಸೂಜಿ ಮೊನಿಯಷ್ಟು ಸಣ್ಣ ಗುಳ್ಳಿ ಸಾಲಾಗಿ ಎದ್ದು ಬಂದ್ವು. ಎಣ್ಣಿ ಆ ಬಿರುಕಿನ ಮ್ಯಾಲೆ ಇರೋತನಕ ಎಣ್ಣೀನೇ ಹೀರ್ತಿತ್ತು, ಮಟ್ಟ ಬಿರುಕಿಗೆ ಇಳಿದ ಕೂಡಲೆ ಅಲ್ಲಿಂದ ಗಾಳಿ. ಅವತ್ತಿಂದ ನಾನು ಒಂದು ಟ್ಯಾಂಕೂ ಪೈಪ್ ಊದದೇ ಮುಚ್ಚಿಲ್ಲ. ನೀನೂ ಹಂಗ ಮಾಡು, ಹಿಂದಿನ ಮುಚ್ಚಳ ಹಾಕೋಕ್ಕಿಂತ ಮುಂಚೆ ಮೂರೂ ಪೈಪನ್ನ ಒಂದೊಂದಾಗಿ ತುದಿ ಮುಚ್ಚಿ, ಸ್ಟೀಲ್ ಗ್ಲಾಸಿನ ನೀರಾಗ ಮುಳುಗಿಸಿ, ಸಿರಿಂಜಿನಿಂದ ಗಾಳಿ ಒತ್ತು. ಎರಡು ನಿಮಿಷದ ಕೆಲಸ. ಮುಚ್ಚಿದ ಮ್ಯಾಲೆ ಟ್ಯಾಂಕ್ ಪೂರ್ತಿ ಇನ್ನೊಮ್ಮೆ ಬಿಸಿನೀರಾಗ ಹಂಗ ನೋಡು.

ಆಮ್ಯಾಲೆ ತೊಳಿಯೋದು, ಇದರಾಗ ಸೋಮಾರಿತನ ಬ್ಯಾಡ. ಒಳಗ ಉಳಿದ ಫ್ಲಕ್ಸ್ ವಾರದಾಗ ತಗಡು ತಿಂತೈತಿ, ಬೆಸಿಗಿ ಚೂರು ನೀಡಲ್ ವಾಲ್ವಿನಾಗ ಹೋಗಿ ಕೂಡ್ತಾವ. ಅಡಿಗಿ ಸೋಡಾ ಕಲಸಿದ ಬಿಸಿನೀರು ಹಾಕಿ ಅಲ್ಲಾಡಿಸಿ ಚೆಲ್ಲು, ಬರೇ ಬಿಸಿನೀರಿಂದ ನಾಲ್ಕು ಸಲ, ಒಣಗಿಸಿ ಒಂದೆರಡು ಹನಿ ಔಡಲೆಣ್ಣಿ ಬಿಟ್ಟು ಇಡು. ಸಿರಿಂಜಿನಾಗ ನೀರು ತುಂಬಿ ಎಷ್ಟು ಹಿಡಿತೈತಿ ಅಳಿ, ಪೈಪಿನೊಳಗಿಂದೂ ಲೆಕ್ಕಕ್ಕ ಹಿಡಿ. 7.2 ಬಂದ್ರ ಒಳಗಿನ ಕಡಿ ಗ್ವಾಡೀನ ಹೆಬ್ಬೆರಳಿಂದ ಸ್ವಲ್ಪ ಒತ್ತಿ ತಗ್ಗು ಮಾಡು, ಮತ್ತ ಅಳಿ, ಹಿಂಗ 6.9ಕ್ಕ ತಂದು ನಿಲ್ಲಿಸು. ನಿಯಮ 7 ಅಂದ್ರ 7, ಅಳಿಯೋರ ಸಿರಿಂಜು ನಿನ್ನದಕ್ಕಿಂತ ಬ್ಯಾರೆ ಇರ್ತೈತಿ. ಮತ್ತ ಇದನ್ನ ಭಾಳ ಕಟ್ಟುನಿಟ್ಟಾಗಿ ಹೇಳ್ತೀನಿ, ಒಮ್ಮೆ ಫ್ಯೂಯಲ್ ಕಂಡ ಟ್ಯಾಂಕಿಗೆ ಸೋಪಿನ ಬಿಸಿನೀರಿಂದ ಹಲವು ಸಲ ತೊಳೆದು ನೀರು ತುಂಬಿಸಿ ಖಾಲಿ ಮಾಡದೇ ಕಾವು ಮುಟ್ಟಿಸಬ್ಯಾಡ, ಒಳಗ ಈಥರಿನ ಆವಿ ಉಳಿದಿದ್ರ ಮುಖದ ಮ್ಯಾಲೆ ಸಿಡೀತೈತಿ.

ಕೂಡಿಸೋವಾಗ ತೆಳ್ಳನ ಸ್ಪಂಜು ಕೆಳಗ ಹಾಕು, ತಗಡು ನೇರ ಕಟಿಗಿಗೆ ಮುಟ್ಟಿದ್ರ ನಡುಕಕ್ಕ ಎಣ್ಣಿ ನೊರಿ ಏಳ್ತೈತಿ. ಮೊದಲ ಸಲ ಟ್ಯಾಂಕಿನ ಹೊರ ಗ್ವಾಡಿ ಮತ್ತ ಜೆಟ್ ಹೆಚ್ಚುಕಮ್ಮಿ ಒಂದೇ ಗೆರಿಯಾಗ ಬರೋ ಹಂಗ ಇಡು. ನೆಲದ ಮ್ಯಾಲೆ ಸರಿ ಮಾಡಿದ ಎಂಜಿನ್ ಗಾಳ್ಯಾಗ ಲೀನ್ ಆದ್ರ ಟ್ಯಾಂಕನ್ನ ನಿನ್ನ ಕಡಿ, ಎಡಕ್ಕ ಸರಿಸು, ರಿಚ್ ಆಗಿ, ಅಂದ್ರ ಎಣ್ಣಿ ಜಾಸ್ತಿ ಆಗಿ, ಹೊಗಿ ಉಗುಳಿದ್ರ ಹೊರಗ ಸರಿಸು, ಒಂದು ಸಲಕ್ಕ ಒಂದೂವರಿ ಮಿಲಿಮೀಟರ್, ಪ್ಲೈವುಡ್ ಚಕ್ಕಿ ಹಾಕಿದ್ರ ಆತು. ಜಾಗ ಇಲ್ಲಂದ್ರ ಇನ್ನೊಂದು ದಾರಿ ಐತಿ, ಯುನಿಫ್ಲೋ ಪೈಪಿನ ಹೊರ ಬಾಯಿ ಮುಂದಕ್ಕ ತಿರುಗಿಸಿ ಗಾಳಿಗೆ ಒಡ್ಡೋದು, ಎದುರು ಗಾಳಿ ಒಳಗ ಒತ್ತತೈತಿ. ನಾನು ಲೆಕ್ಕ ಹಾಕಿ ನೋಡೀನಿ, 15.92 ಮೀಟರ್ ಲೈನಿನಾಗ ಇದು ಟ್ಯಾಂಕನ್ನ ಸುಮಾರು 11 ಮಿಲಿಮೀಟರ್ ಒಳಗ ಸರಿಸಿದ್ದಕ್ಕ ಸಮ. ಸ್ಪೀಡ್ ಎಷ್ಟೇ ಇರಲಿ ಅಷ್ಟ, ಯಾಕಂದ್ರ ಗಾಳಿ ಒತ್ತಡಾನೂ ಹೊರಗ ಜಗ್ಗೋದೂ ಎರಡೂ ಸ್ಪೀಡಿನ ವರ್ಗದ ಲೆಕ್ಕದಾಗೇ ಏರ್ತಾವ. ಬಾಯಿ ಅರ್ಧ ತಿರುಗಿಸಿದ್ರ ಅದಕ್ಕಿಂತ ಕಮ್ಮಿ, ಹಿಂಗ ಸಣ್ಣದಾಗಿ ಹೊಂದಿಸ್ಬಹುದು. ಅದರ ಬಾಯಿಗೆ ಸೊಳ್ಳಿ ಪರದಿ ಚೂರು ಕಟ್ಟು, ನಮ್ಮ ಕಡಿ ಧೂಳಿನಾಗ ಅದು ಬೇಕೇ ಬೇಕು.

ಇನ್ನ ನಮ್ಮ ಬಿಸಿಲಿನ ಮಾತು. ಈಥರ್ ಕುದಿಯೋದು 34.6 ಡಿಗ್ರಿಗೆ, ಬಳ್ಳಾರಿ ರಾಯಚೂರು ಕೊಪ್ಪಳದಾಗ ಏಪ್ರಿಲ್ ಮೇ ತಿಂಗಳು 40 ದಾಟ್ತೈತಿ. ಅಂದ್ರ ಮಧ್ಯಾಹ್ನ ಬಿಸಿಲಾಗ ತಗಡಿನ ಟ್ಯಾಂಕಿನೊಳಗಿನ ಫ್ಯೂಯಲ್ಲಿನಿಂದ ಈಥರ್ ಗುಳ್ಳಿ ಗುಳ್ಳಿಯಾಗಿ ಏಳ್ತಿರ್ತೈತಿ, ಲಕ್ಷಣ ಥೇಟ್ ಪೈಪ್ ಬಿರುಕಿನದ್ದೇ, ನೀನು ಚೊಲೋ ಟ್ಯಾಂಕ್ ಬಿಚ್ಚಿ ಹುಡುಕ್ಕೋತ ಕೂಡ್ತಿ. ಬಾಟ್ಲಿ ಮುಚ್ಚಳ ತೆಗೆದಾಗೆಲ್ಲಾ ಈಥರ್ ಹಾರಿಹೋಗಿ ಮಿಶ್ರಣಾನೂ ಕೆಡ್ತೈತಿ, ಎಂಜಿನ್ ಸ್ಟಾರ್ಟ್ ಆಗಾಕ ಒಲ್ಲೆ ಅಂತೈತಿ. ಹೊಸಾ ಟ್ಯಾಂಕಿನ ಪರೀಕ್ಷಾ ಬೆಳಿಗ್ಗೆ ಆರಕ್ಕ ಮಾಡು, ಹೊತ್ತು ಏರೋದ್ರೊಳಗ ಮುಗಿಸು, ಬಾಟ್ಲಿಗೆ ಒದ್ದಿ ಗೋಣಿಚೀಲ ಸುತ್ತಿ ನೆರಳಾಗ ಇಡು, ಟ್ಯಾಂಕ್ ಇರೋ ಮೂಗಿನ ಮ್ಯಾಲೂ ಹಾರಿಸೋತನಕ ಒಂದು ಒದ್ದಿ ಅರಿವಿ ಹಾಕಿಡು. ಮೊದಲ ಹಾರಾಟದಾಗ ಕೊನೀ ಹನಿವರೆಗೂ ಓಡಿತಾ, ಎಷ್ಟು ಸುತ್ತು ಬಂತು, ಕೊನಿ ಐದು ಸುತ್ತಿನಾಗ ಸೌಂಡ್ ಏರಿತಾ ಇಳೀತಾ, ಇದಿಷ್ಟು ಬರೆದು ಕಳಿಸು, ಯಾವ ಕಡಿ ಎಷ್ಟು ಸರಿಸಬೇಕು ಅಂತ ಹೇಳ್ತೀನಿ.